ಉಪ್ಪಿನಕಾಯಿ ಜಾಡಿಯಲ್ಲಿ ಸಮುದ್ರ

ಸಮುದ್ರ ನಮ್ಮ ಮನೆಗೆ ಬಂದದ್ದು ಕಾಗದದ ಪೊಟ್ಟಣಗಳಲ್ಲಿ. ಬಿಳಿ ಕಾಗದ, ಸೆಣಬಿನ ದಾರ, ಮೇಲೆ ಪೆನ್ಸಿಲಿನಲ್ಲಿ ಬರೆದ ಹೆಸರು ಮತ್ತು ತೂಕ. ಅವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ತೊಡೆಯ ಮೇಲೆ ಒಂದು ಅಗಲಬಾಯಿಯ ಗಾಜಿನ ಭರಣಿ ಇಟ್ಟುಕೊಂಡು, ನಾನು ಮೆಜೆಸ್ಟಿಕ್ಕಿನಿಂದ ರಾಜಾಜಿನಗರಕ್ಕೆ ಬಸ್ಸಿನಲ್ಲಿ ಬಂದೆ. ಭರಣಿಯೊಳಗೆ ಕಂದು ಬಣ್ಣದ, ಮುದುಡಿದ, ಅಡಿಕೆಯಷ್ಟೂ ಚೆಲುವಿಲ್ಲದ ಒಂದು ಜೀವ ಕಲ್ಲಿಗೆ ಅಂಟಿಕೊಂಡು ಕೂತಿತ್ತು. ಪಕ್ಕದಲ್ಲಿದ್ದ ಹೆಂಗಸು ಬಹಳ ಹೊತ್ತು ನೋಡಿ, "ಇದು ಯಾವ ಕಾಯಿಲೆಗಮ್ಮಾ ಔಷಧಿ?" ಎಂದು ಕೇಳಿದರು.

ಎಪ್ಪತ್ತರ ದಶಕದ ಒಂದು ಏಪ್ರಿಲ್. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮೊದಲ ವರ್ಷದ ಪರೀಕ್ಷೆ ಆಗಷ್ಟೇ ಮುಗಿದಿತ್ತು. ನಮ್ಮ ಪ್ರೊಫೆಸರು ಕರಾವಳಿಯಿಂದ ಆರು ಕಡಲ ಹೂಗಳನ್ನು ತಂದಿದ್ದರು. ಹೂವಿನ ಹಾಗೆ ಅರಳುವ, ಆದರೆ ಎಸಳಿನ ಜಾಗದಲ್ಲಿ ಸಣ್ಣ ಸಣ್ಣ ತೋಳುಗಳಿರುವ ಪ್ರಾಣಿ ಅದು. ಎರಡು ತಿಂಗಳಲ್ಲಿ ಐದು ಸತ್ತವು. ಬೇಸಿಗೆ ರಜೆಗೆ ವಿಭಾಗಕ್ಕೆ ಬೀಗ ಬೀಳುವ ಹಿಂದಿನ ದಿನ ಅವರು ತರಗತಿಯಲ್ಲಿ, ಉಳಿದದ್ದನ್ನು ಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತೀರಿ ಎಂದು ಕೇಳಿದರು. ಎಲ್ಲರೂ ಮೇಜಿನ ಮರದ ಗೆರೆಗಳನ್ನು ನೋಡತೊಡಗಿದರು. ನಾನು ಕೈ ಎತ್ತಿದೆ. ಆ ಇಡೀ ವರ್ಷದಲ್ಲಿ ನಾನು ಕೈ ಎತ್ತಿದ್ದು ಅದೇ ಮೊದಲಿರಬೇಕು. ಹುಡುಗರ ಸಾಲಿನಲ್ಲಿ ಯಾರೋ ತಿರುಗಿ ನೋಡಿದರು.

"ಜೂನ್‌ವರೆಗೂ ಬದುಕಿಸಿಕೊಂಡು ಬಾಮ್ಮಾ," ಎಂದರು ಪ್ರೊಫೆಸರು. "ಬದುಕಿದ್ರೆ ಮುಂದಿನ ವರ್ಷ ನಿನ್ನ ಡಿಸರ್ಟೇಷನ್ ಪ್ರಬಂಧ ಇದರ ಮೇಲೆ. ಇಲ್ದಿದ್ರೆ ಎಲ್ಲಾರ ಹಾಗೆ ನಿಂಗೂ ಜಿರಳೆ."

ಜಿರಳೆಯ ಬಗ್ಗೆ ನನಗೆ ದ್ವೇಷವೇನಿರಲಿಲ್ಲ. ಆದರೆ ಈ ಜೀವ ಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕಾಲೇಜಿನ ಕೆಲಸ ಎಂದಷ್ಟೇ ಹೇಳಿದೆ.

ಮುಂದಿನ ಕೋಣೆಯ ಉತ್ತರದ ಕಿಟಕಿಯ ಬಳಿ, ಬಿಸಿಲು ನೇರವಾಗಿ ಬೀಳದ ಕಡೆ, ಅಪ್ಪನ ಹಳೆಯ ಮೇಜು ಇತ್ತು. ಅದರ ಮೇಲೆ ವಿಭಾಗದಿಂದ ತಂದ ದೊಡ್ಡ ಗಾಜಿನ ತೊಟ್ಟಿ ಇಟ್ಟೆ. ಹದಿನಾರು ಲೀಟರು ಹಿಡಿಯುತ್ತಿತ್ತು. ಗಾಳಿ ಊದುವ ಸಣ್ಣ ಪಂಪು ಮೇಜಿನ ಕೆಳಗೆ ಜೇನಿನ ಹಾಗೆ ಗುಂಯ್‌ಗುಡುತ್ತಿತ್ತು. ನೀರು ಬೇಕಿತ್ತು, ಅಷ್ಟೆ.

ಆ ನೀರನ್ನು ಮಾಡುವುದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬಂದಾಗ ಎರಡು ಪ್ಲಾಸ್ಟಿಕ್ ಬಕೆಟ್ಟು ತುಂಬಿಸಿ, ಕ್ಲೋರಿನ್ ಔಷಧಿಯ ವಾಸನೆ ಹೋಗಲೆಂದು ಒಂದು ಹಗಲು ಒಂದು ರಾತ್ರಿ ಹಾಗೇ ಬಿಡುತ್ತಿದ್ದೆ. ಮರುದಿನ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚುವುದು. ಮೊದಲು ಉಪ್ಪು, ಅಡುಗೆಯದೇ ಉಪ್ಪು, ಆದರೆ ತುಂಬಾ ಶುದ್ಧವಾದದ್ದು. ಅದು ಕರಗಿ ನೀರು ತಿಳಿಯಾದ ಮೇಲೆ ಮೆಗ್ನೀಷಿಯಮ್ಮಿನ ಎರಡು ಬಗೆ. ಆಮೇಲೆ ಚಿಟಿಕೆಯಷ್ಟು ಪೊಟ್ಯಾಷಿಯಂ, ಸೋಡ. ಕ್ಯಾಲ್ಸಿಯಮ್ಮನ್ನು ಮಾತ್ರ ಬೇರೆ ಲೋಟದಲ್ಲಿ ಕರಗಿಸಿ ಕಟ್ಟಕಡೆಗೆ, ನೂಲಿನ ಎಳೆಯ ಹಾಗೆ, ಕಲಕುತ್ತಾ ಕಲಕುತ್ತಾ ಬಿಡಬೇಕು. ಅವಸರ ಮಾಡಿದರೆ ಬಕೆಟ್ಟಿನ ತುಂಬ ಬಿಳಿ ಮೋಡ ಏಳುತ್ತದೆ. ಆ ಮೋಡ ಮತ್ತೆ ನೀರಾಗುವುದಿಲ್ಲ. ಕಲಕುವುದಕ್ಕೆ ಮರದ್ದೇ ಆಗಬೇಕು ಎಂದು ಅಮ್ಮನ ಹಳೆಯ ಕಡಗೋಲು ತೆಗೆದುಕೊಂಡಿದ್ದೆ. ಅದನ್ನು ಎರಡು ಅಂಗೈಗಳ ನಡುವೆ ತಿರುಗಿಸುವಾಗ ಬಕೆಟ್ಟಿನ ಅಂಚಿನಲ್ಲಿ ಸಣ್ಣ ನೊರೆ ಬರುತ್ತಿತ್ತು. ನಾನು ಕಡಲನ್ನು ನೋಡಿದ್ದು ಒಂದೇ ಸಲ, ಬಿ.ಎಸ್ಸಿ.ಯ ಪ್ರವಾಸದಲ್ಲಿ. ಆ ನೊರೆಯ ಸದ್ದು, ಬಹಳ ದೂರದಿಂದ, ಅದೇ ಸದ್ದಾಗಿತ್ತು.

"ದೇವತೆಗಳು ಒಂದು ಕಡೆ ಹಿಡಕೊಂಡ್ರೆ ಇನ್ನೊಂದು ಕಡೆ ನಾನು ಹಿಡಕೋತೀನಿ," ಎಂದರು ಅಪ್ಪ ಆಫೀಸಿಗೆ ಹೊರಡುತ್ತಾ. "ಅಮೃತ ಬಂದ್ರೆ ಒಂದ್ಲೋಟ ಎತ್ತಿಡು. ವಿಷ ಬಂದ್ರೆ ನಮ್ಮ ಸೂಪರಿಂಟೆಂಡೆಂಟರಿಗೆ."

ಉಪ್ಪು ಸರಿಯಾಗಿದೆಯೇ ಎಂದು ಅಳೆಯಲು ವಿಭಾಗದಲ್ಲಿ ಒಂದು ಉಪಕರಣವಿತ್ತು. ಅದನ್ನು ಮನೆಗೆ ಕೊಡಲಿಲ್ಲ. ನಮ್ಮ ಮನೆಯಲ್ಲಿ ಲ್ಯಾಕ್ಟೋಮೀಟರ್ ಇತ್ತು. ಪಕ್ಕದ ಹಳ್ಳಿಯಿಂದ ಎಮ್ಮೆ ಹಾಲು ತರುವವನ ಮೇಲೆ ಅಪ್ಪನಿಗೆ ಇದ್ದ ಸಂಶಯಕ್ಕಾಗಿ ಕೊಂಡದ್ದು. ಎರಡರ ಕೆಲಸವೂ ಒಂದೇ, ನೀರಿಗಿಂತ ಎಷ್ಟು ಭಾರ ಎಂದು ಹೇಳುವುದು. ಸಮುದ್ರದ ನೀರು ಇಪ್ಪತ್ತೈದರ ಗೆರೆಯಲ್ಲಿ ನಿಲ್ಲಬೇಕು. ಒಳ್ಳೆಯ ಹಾಲು ಅದಕ್ಕಿಂತ ಸ್ವಲ್ಪ ಮೇಲೆ. ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿ, "ಹಾಗಾದ್ರೆ ನಮ್ಮ ಹಾಲಿನವನು ಇಷ್ಟು ವರ್ಷ ಸಮುದ್ರಾನೇ ಹಾಕ್ತಿದ್ದ ಅನ್ನು," ಎಂದರು.

ಮಾಡಿದ ನೀರನ್ನು ಕೂಡಲೇ ಬಳಸುವಂತಿಲ್ಲ. ಕತ್ತಲಲ್ಲಿ, ತಂಪಿನಲ್ಲಿ, ಮುಚ್ಚಿ ಇಡಬೇಕು. ಹೊಸ ನೀರಿಗೆ ಒಂದು ಹಸಿತನ ಇರುತ್ತದೆ. ಒಂದು ದಿನ ಕಳೆದ ಮೇಲೆ ಅದು ಮೆತ್ತಗಾಗುತ್ತದೆ. ಪುಸ್ತಕದಲ್ಲಿ ಬೇರೆ ಶಬ್ದ ಇರಬಹುದು, ನನ್ನ ಕೈಗೆ ಹಾಗೆ ಅನ್ನಿಸುತ್ತಿತ್ತು. ಬುಧವಾರ ಮತ್ತು ಭಾನುವಾರ ಬೆಳಗ್ಗೆ ತೊಟ್ಟಿಯಿಂದ ನಾಲ್ಕು ಲೀಟರು ತೆಗೆದು ನಾಲ್ಕು ಲೀಟರು ಹೊಸದು ಹಾಕಬೇಕಿತ್ತು. ಇಡುವುದಕ್ಕೆ ಲೋಹದ ಪಾತ್ರೆ ಆಗದು. ಗಾಜು ನಮ್ಮಲ್ಲಿ ಅಷ್ಟು ದೊಡ್ಡದಿರಲಿಲ್ಲ. ಉಗ್ರಾಣದಲ್ಲಿ ಅಮ್ಮನ ಎರಡು ಪಿಂಗಾಣಿ ಜಾಡಿಗಳಿದ್ದವು, ಮೇಲೆ ಕಂದು, ಕೆಳಗೆ ಹಾಲಿನ ಬಣ್ಣ. ವರ್ಷದಲ್ಲಿ ಹತ್ತು ತಿಂಗಳು ಉಪ್ಪಿನಕಾಯಿ ತುಂಬಿರುತ್ತಿದ್ದವು, ಆಗ ಖಾಲಿ. ಉಪ್ಪು, ಹುಳಿ, ಖಾರ ಎಲ್ಲವನ್ನೂ ತಿಂದು ಅರಗಿಸಿಕೊಂಡವು, ಸಮುದ್ರ ಯಾವ ಲೆಕ್ಕ.

"ಮಾವಿನಕಾಯಿ ಬರೋವರೆಗೆ ಇಟ್ಕೋ," ಎಂದಳು ಅಮ್ಮ. "ಕಾಯಿ ಬಂದ ದಿನ ಮಾತ್ರ ನಂಗೆ ಜಾಡಿ ಬೇಕು. ಅವತ್ತು ನಾಳೆ ಅಂದ್ರೆ ಆಗಲ್ಲ. ಕಾಯಿ ಕಾಯಲ್ಲ."

ನಾನು ಒಪ್ಪಿದೆ. ಏಳು ಸಲ ತೊಳೆದು, ಬಿಸಿಲಿಗಿಟ್ಟು, ಒಳಗೆ ಮೂಗಿಟ್ಟು ನೋಡಿ, ಇಂಗಿನ ವಾಸನೆ ಪೂರ್ತಿ ಹೋಯಿತೆಂದು ಖಾತ್ರಿಯಾದ ಮೇಲೆ ನೀರು ತುಂಬಿಸಿ, ಬಾಯಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿದೆ.

ಆ ಬಟ್ಟೆಯನ್ನು ಮೊದಲು ಬಿಚ್ಚಿದವರು ಅಜ್ಜಿ, ಅಪ್ಪನ ತಾಯಿ. ಅವರಿಗೆ ಎಪ್ಪತ್ತು ದಾಟಿತ್ತು. ಸಮುದ್ರ ನೋಡಿರಲಿಲ್ಲ. ನೋಡಬೇಕೆಂದು ಒಂದು ದಿನವೂ ಹೇಳಿರಲಿಲ್ಲ. ನಾನು ಉಗ್ರಾಣಕ್ಕೆ ಹೋದಾಗ ಬೆರಳನ್ನು ಜಾಡಿಯ ಮೇಲೆ ಹಿಡಿದುಕೊಂಡು, ಅದ್ದದೆ, ಹಾಗೇ ನಿಂತಿದ್ದರು.

"ಇವತ್ತು ಯಾವ ತಿಥಿ ಕಣೇ?"

"ಗೊತ್ತಿಲ್ಲ ಅಜ್ಜಿ. ಯಾಕೆ?"

"ಸಮುದ್ರಾನ ಸುಮ್‌ಸುಮ್ನೆ ಮುಟ್ಟಬಾರದು. ಹುಣ್ಣಿಮೆ, ಅಮಾವಾಸ್ಯೆಗೆ ಮಾತ್ರ."

"ಇದು ಸಮುದ್ರ ಅಲ್ಲ ಅಜ್ಜಿ. ನಲ್ಲಿ ನೀರು. ನಾನೇ ಬೆರೆಸಿದ್ದು."

ಅವರು ಮುಂದಿನ ಕೋಣೆಯ ಕಡೆ ಗಲ್ಲ ತಿರುಗಿಸಿದರು. "ಅದಕ್ಕೆ ಗೊತ್ತಾ, ನೀನು ಬೆರೆಸಿದ್ದು ಅಂತ?"

"ಇಲ್ಲ."

"ಅದೇನಂತ ತಿಳ್ಕೊಂಡಿದೆ?"

"ಸಮುದ್ರ ಅಂತ."

"ಮತ್ತೆ?" ಎಂದು ಬಟ್ಟೆ ಕಟ್ಟಿ ಹೊರಟುಹೋದರು. ವಿಶ್ವವಿದ್ಯಾಲಯದಲ್ಲಿ ನಾನು ಕೇಳಿದ ಯಾವ ವಾದವೂ ಅಷ್ಟು ಚಿಕ್ಕದಾಗಿ ಮುಗಿದದ್ದಿಲ್ಲ. ಮುಂದಿನ ಅಮಾವಾಸ್ಯೆಯ ಬೆಳಗ್ಗೆ ಅವರು ಸ್ನಾನ ಮಾಡಿ ಬಂದು ಒಂದು ಉದ್ಧರಣೆ ನೀರು ಕೇಳಿದರು. ಕೊಟ್ಟೆ. ಅದನ್ನು ತಲೆಯ ಮೇಲೆ ಹಾಕಿಕೊಂಡು, ತುಟಿಗೆ ಹರಿದದ್ದನ್ನು ನಾಲಿಗೆಯಲ್ಲಿ ಮುಟ್ಟಿ, "ಅಬ್ಬ, ನಿಜವಾಗ್ಲೂ ಉಪ್ಪು," ಎಂದರು, ಯಾರೋ ಅದುವರೆಗೂ ಸುಳ್ಳು ಹೇಳಿದ್ದ ಹಾಗೆ.

ಆ ಬೇಸಿಗೆಯ ಮಧ್ಯಾಹ್ನಗಳು ಈಗ ನನಗೆ ಒಂದೇ ಮಧ್ಯಾಹ್ನದ ಹಾಗೆ ನೆನಪಿವೆ. ಕೈಗಾರಿಕಾ ವಸಾಹತಿನ ಕಡೆಯಿಂದ ಎರಡು ಗಂಟೆಯ ಸೈರನ್ ಕೇಳಿ ನಿಂತಮೇಲೆ ಇಡೀ ಬ್ಲಾಕಿಗೆ ನಿದ್ದೆ ಬರುತ್ತಿತ್ತು. ಬೀದಿಯಲ್ಲಿ ಒಂದು ಸೈಕಲ್ಲಿನ ಸದ್ದೂ ಇರುತ್ತಿರಲಿಲ್ಲ. ಪಡುವಣದ ಕಡೆ ಆಗಿನ್ನೂ ಹೊಲಗಳೇ. ಬಸವೇಶ್ವರನಗರ ಎಂದರೆ ಕೆಂಪು ಮಣ್ಣಿನಲ್ಲಿ ನೆಟ್ಟ ಗುರುತಿನ ಕಲ್ಲುಗಳು. ಅಲ್ಲಿಂದ ಬಿಸಿಗಾಳಿ ಬಂದು ಕಿಟಕಿಯ ಪರದೆಯನ್ನು ಎತ್ತಿ ಇಳಿಸುತ್ತಿತ್ತು. ಒಳಗೆ ತೊಟ್ಟಿಯಲ್ಲಿ ಗುಳ್ಳೆಗಳು ಏಳುತ್ತಿದ್ದವು. ಗುಳ್ಳೆಗಳ ಹಿಂದೆ ಅದು ನಿಧಾನವಾಗಿ ಅರಳುತ್ತಿತ್ತು. ಮೊದಲು ಒಂದು ತೋಳು, ಅನುಮಾನದಿಂದ. ಆಮೇಲೆ ಹತ್ತು. ಆಮೇಲೆ ಎಣಿಸಲಾರದಷ್ಟು. ಬುಡ ಕಂದು, ತುದಿ ತಿಳಿ ನೇರಳೆ. ಎಲ್ಲವೂ ಒಟ್ಟಿಗೆ, ಇಲ್ಲದ ಒಂದು ಅಲೆಗೆ ಬಾಗುತ್ತಿದ್ದವು.

ಚಾಪೆಯ ಮೇಲೆ ಮಲಗಿ ಅದನ್ನು ನೋಡುತ್ತಾ ಇದ್ದರೆ ಕೋಣೆಯ ಗೋಡೆ ಹಸಿರಾಗುತ್ತಿತ್ತು. ಮೇಲ್ಛಾವಣಿಯಲ್ಲಿ ನೀರಿನ ಬೆಳಕು ನಡುಗುತ್ತಿತ್ತು. ನಾನು ಇನ್ನೂ ಮೇಲಿದ್ದೇನೋ, ತಳದಲ್ಲಿದ್ದೇನೋ ಎಂದು ತಿಳಿಯದ ಒಂದು ಹೊತ್ತು ಬರುತ್ತಿತ್ತು. ಕರೆಂಟು ಹೋದರೆ ಮಾತ್ರ ಎದ್ದು, ಪಂಪಿನ ಬದಲು ಗಾಜಿನ ಲೋಟದಲ್ಲಿ ನೀರು ಮೊಗೆದು, ಕಾಫಿ ಆರಿಸುವ ಹಾಗೆ ಎತ್ತರದಿಂದ ಸುರಿಯುತ್ತಿದ್ದೆ. ಅರ್ಧ ಗಂಟೆ ಸುರಿದರೆ ತೋಳು ನೋಯುತ್ತಿತ್ತು. ಆಗ ಅಜ್ಜಿ ಬಂದು ಲೋಟ ತೆಗೆದುಕೊಳ್ಳುತ್ತಿದ್ದರು.

ಅದಕ್ಕೆ ಊಟ ಹಾಕುವುದನ್ನು ಮಾತ್ರ ಅವರಿಗೆ ತೋರಿಸುತ್ತಿರಲಿಲ್ಲ. ನಮ್ಮದು ಮೊಟ್ಟೆಯೂ ಬರದ ಮನೆ. ಹಿತ್ತಿಲಿನಲ್ಲಿ ಬಾಳೆಯ ಬುಡದ ಒದ್ದೆ ಮಣ್ಣಿನಿಂದ ಒಂದು ಎರೆಹುಳು ತೆಗೆದು, ಹೊರಗಡೆಯೇ ತುಂಡು ಮಾಡಿ, ಚಿಮಟದಲ್ಲಿ ಹಿಡಿದು ತಂದು ತೋಳುಗಳ ನಡುವೆ ಇಡುತ್ತಿದ್ದೆ. ಅವರಿಗೆ ಗೊತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಅವರಿಗೆ ದೇವರ ಮನೆಯಲ್ಲಿ ಏನಾದರೂ ಕೆಲಸ ಇರುತ್ತಿತ್ತು.

ಪ್ರೊಫೆಸರು ಕೊಟ್ಟಿದ್ದ ಪೊಟ್ಟಣಗಳು ಜಾಡಿಗಳನ್ನು ಮೂರು ಸಲ ತುಂಬಿಸುವಷ್ಟಿದ್ದವು. ಮೇ ತಿಂಗಳ ಮೊದಲ ವಾರ ಎರಡನೇ ಸಲದ್ದು ಬೆರೆಸಿ ಜಾಡಿಗೆ ತುಂಬಿಸಿ, ಮೂರನೆಯದನ್ನು ಎಣಿಸಿ ನೋಡಿದರೆ ಒಂದು ಪೊಟ್ಟಣ ಕಡಿಮೆ, ಮೆಗ್ನೀಷಿಯಮ್ಮಿನ ಒಂದು ಬಗೆಯಾದ ಎಪ್ಸಮ್ ಸಾಲ್ಟ್. ಅದು ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಹೊಟ್ಟೆ ಕಟ್ಟಿದವರಿಗೆ ಕೊಡುವ ಭೇದಿ ಉಪ್ಪು. ಅಂಗಡಿಯವರು ಒಂದು ಸಣ್ಣ ಪೊಟ್ಟಣ ಮುಂದಿಟ್ಟರು. ಇನ್ನಷ್ಟು ಬೇಕು ಎಂದೆ. ಎರಡಿಟ್ಟರು. ನೂರಿಪ್ಪತ್ತು ಗ್ರಾಂ ಬೇಕು ಎಂದೆ.

"ಮನೇಲಿ ಎಷ್ಟು ಜನ ಇದೀರಮ್ಮಾ?"

"ನಾಲ್ಕು."

"ಎಲ್ಲಾರ್ಗೂನಾ?"

ಅಂಗಡಿಯಲ್ಲಿ ಇನ್ನಿಬ್ಬರು ಗಂಡಸರಿದ್ದರು. ಸಮುದ್ರ ಮಾಡಲಿಕ್ಕೆ ಎಂದು ಹೇಳುವುದಕ್ಕಿಂತ, "ಹೌದು," ಎಂದು ಹೇಳುವುದು ಸುಲಭವಾಗಿ ಕಂಡಿತು. ಅವರು ಕನಿಕರದಿಂದ ತೂಗಿ ಕೊಟ್ಟರು. ಮುಂದಿನ ವಾರ ಅಪ್ಪನನ್ನು ಬೀದಿಯಲ್ಲಿ ನಿಲ್ಲಿಸಿ, "ಈಗ ಹೇಗಿದೀರಾ ಸಾರ್, ಎಲ್ಲಾ ಸರಾಗಾನಾ?" ಎಂದು ವಿಚಾರಿಸಿದರಂತೆ.

ಮಾವಿನಕಾಯಿ ಬಂದದ್ದು ಒಂದು ಸೋಮವಾರ. ನಾನು ಬೆಳಗ್ಗೆಯೇ ಪುಸ್ತಕ ಹಿಂತಿರುಗಿಸಲು ಊರೊಳಗಿನ ಲೈಬ್ರರಿಗೆ ಹೋಗಿದ್ದೆ. ಸಂಜೆ ಬಂದಾಗ ಮನೆಯೆಲ್ಲ ಸೊನೆಯ ವಾಸನೆ. ಅಮ್ಮ ಕಾಲು ಚಾಚಿ ಕೂತು ಈಳಿಗೆಮಣೆಯಲ್ಲಿ ಕಾಯಿ ಹೆಚ್ಚುತ್ತಿದ್ದಳು. ಎರಡೂ ಜಾಡಿಗಳ ಹೊಟ್ಟೆಯಲ್ಲಿ ಆಗಲೇ ಹೋಳು, ಉಪ್ಪು.

"ನಿನ್ನ ನೀರು ಚೆಲ್ಲಿಲ್ಲ ಕಣೇ, ಗಾಬರಿ ಆಗ್ಬೇಡ," ಎಂದಳು. "ಅಜ್ಜಿ ಬೇರೆ ಕಡೆ ಹಾಕಿಟ್ಟಿದಾರೆ. ಬಚ್ಚಲುಮನೆ ಮೂಲೇಲಿದೆ, ಬಟ್ಟೆ ಕಟ್ಟಿ."

ಬಕೆಟ್ಟಿಗೆ ಹಾಕಿರಬೇಕು ಎಂದುಕೊಂಡೆ. ಹೋಗಿ ನೋಡಲಿಲ್ಲ. ಎಲ್ಲವನ್ನೂ ಎರಡು ಸಲ ಅಳೆಯುವ ನಾನು ಅದೊಂದನ್ನು ನೋಡಲಿಲ್ಲ. ನಾನು ಮೊದಲೇ ಒಪ್ಪಿದ್ದರೂ ಅಮ್ಮ ನನ್ನನ್ನು ಕೇಳದೆ ಜಾಡಿ ತೆಗೆದುಕೊಂಡದ್ದು ನನಗೆ ಒಳಗೇ ಬೇಸರವಾಗಿತ್ತು, ಆ ಬೇಸರವನ್ನು ತೋರಿಸಬಾರದು ಎಂದು ಬೇಗ ಕೋಣೆಗೆ ಹೋಗಿಬಿಟ್ಟೆ.

ಬುಧವಾರ ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಎನಾಮಲ್ ಜಗ್ಗಿನಲ್ಲಿ ನಾಲ್ಕು ಲೀಟರು ಮೇಜಿನ ಪಕ್ಕ ಸಿದ್ಧವಾಗಿತ್ತು. ಅಜ್ಜಿ ನನಗೆ ಸಹಾಯವಾಗಲೆಂದು ಮೊಗೆದು ತಂದಿಟ್ಟಿದ್ದರು. ಲ್ಯಾಕ್ಟೋಮೀಟರ್ ಬಿಟ್ಟು ನೋಡಿದೆ. ಇಪ್ಪತ್ತೈದು. ಹಾಕಿದೆ.

ಹನ್ನೊಂದು ಗಂಟೆಗೆ ಅದು ತೋಳುಗಳನ್ನು ಒಳಗೆ ಎಳೆದುಕೊಂಡಿತು. ಕೆಲವು ದಿನ ಹಾಗೆ ಮಾಡುತ್ತಿತ್ತು. ಹನ್ನೆರಡಕ್ಕೆ ಬುಡ ಕಲ್ಲಿನಿಂದ ಅರ್ಧ ಬಿಟ್ಟಿತ್ತು. ಬಾಯಿಯಿಂದ ಅಂಟು ಅಂಟಾದ ಏನೋ ಹೊರಗೆ ಬಂದು ನೀರಿನಲ್ಲಿ ತೇಲುತ್ತಿತ್ತು. ಉಳಿದ ಐದೂ ಸಾಯುವ ಹಿಂದಿನ ದಿನ ಹೀಗೇ ಇದ್ದದ್ದನ್ನು ನಾನು ನೋಡಿದ್ದೆ.

ಬಚ್ಚಲುಮನೆಗೆ ಓಡಿದೆ. ಮೂಲೆಯಲ್ಲಿ ಅಜ್ಜಿಯ ತಾಮ್ರದ ಕೊಳಗ. ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಯುವಂಥದ್ದು. ಹುಣಿಸೆಹಣ್ಣು ಹಾಕಿ ಎಷ್ಟು ಚೆನ್ನಾಗಿ ತಿಕ್ಕಿದ್ದರೆಂದರೆ ಆ ಕತ್ತಲೆಯ ಮೂಲೆ ಕೆಂಪಗೆ ಬೆಳಗುತ್ತಿತ್ತು. ಕತ್ತಿಗೆ ಅರಿಶಿನದ ಕೊಂಬು ಕಟ್ಟಿದ್ದರು. ಬಟ್ಟೆ ಬಿಚ್ಚಿದೆ. ನೀರು ಮುಟ್ಟಿದ್ದ ಕಡೆ ಒಳಗೆ ಸುತ್ತಲೂ, ನವಿಲುಗರಿಯ ಬಣ್ಣದ ತೆಳುವಾದ ಗೆರೆ.

ತಾಮ್ರ. ಬೆನ್ನೆಲುಬಿಲ್ಲದ ಕಡಲ ಪ್ರಾಣಿಗಳಿಗೆ ತಾಮ್ರದ ಒಂದು ಕಣವೂ ವಿಷ. ಅದು ನನ್ನ ಟಿಪ್ಪಣಿ ಪುಸ್ತಕದ ಮೊದಲನೇ ಪುಟದಲ್ಲಿತ್ತು, ಕೆಳಗೆ ಎರಡು ಗೆರೆ ಎಳೆದು. ಲೋಹದ ಪಾತ್ರೆ ಆಗದು ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದೆನೋ ಇಲ್ಲವೋ, ಈಗಲೂ ನೆನಪಾಗುತ್ತಿಲ್ಲ. ಹೇಳಿರಲಿಲ್ಲ ಎಂದೇ ತೋರುತ್ತದೆ. ನನಗೆ ತಿಳಿದದ್ದನ್ನು ನನ್ನಲ್ಲೇ ಇಟ್ಟುಕೊಳ್ಳುವುದು ನನ್ನ ಅಭ್ಯಾಸ.

ಕೊಳಗ ಬಗ್ಗಿಸಿ ನೀರನ್ನೆಲ್ಲ ಮೋರಿಗೆ ಚೆಲ್ಲುತ್ತಿದ್ದಾಗ ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

"ಅಯ್ಯೋ, ತೀರ್ಥಾನ ಮೋರೀಗೆ ಚೆಲ್ತೀಯಲ್ಲೇ! ಅದಕ್ಕೋಸ್ಕರ ಕೊಳಗ ಇಳಿಸಿ, ತಿಕ್ಕಿ..."

"ಅಜ್ಜಿ, ತಾಮ್ರ ಅದಕ್ಕೆ ಆಗಲ್ಲ."

"ತಾಮ್ರ ಆಗಲ್ವಾ? ಗಂಗೆ ಇಡೋದೇ ತಾಮ್ರದಲ್ಲಿ. ಪ್ಲಾಸ್ಟಿಕ್ಕಲ್ಲಿ ಇಡ್ತಾರಾ ಯಾರಾದ್ರೂ? ನಾನು ಎಷ್ಟು ಮಡಿಯಿಂದ..."

"ವಿಷ ಅಜ್ಜಿ. ಸಾಯ್ತಾ ಇದೆ."

ಇನ್ನೂ ಮೆತ್ತಗೆ ಹೇಳಬಹುದಿತ್ತು. ಅವರು ಬಾಗಿಲು ಬಿಟ್ಟು ಒಳಗೆ ಬಂದರು. ನನ್ನನ್ನು ದಾಟಿ ಹೋಗಿ ಕೊಳಗದೊಳಗೆ ಬಗ್ಗಿ ನೋಡಿದರು. ಆ ನೀಲಿ ಗೆರೆಯ ಮೇಲೆ ಹೆಬ್ಬೆರಳು ಎಳೆದು, ಹೆಬ್ಬೆರಳನ್ನು ಬೆಳಕಿಗೆ ಹಿಡಿದರು.

ಉಳಿದಿದ್ದದ್ದು ಮೂರನೆಯ ಸಲದ ಪೊಟ್ಟಣಗಳು ಮಾತ್ರ, ಹದಿನಾರು ಲೀಟರಿಗೆ ಆಗುವಷ್ಟು. ಮನೆಯ ನಲ್ಲಿ ನೀರನ್ನು ಕೂಡಲೇ ಬಳಸುವಂತಿರಲಿಲ್ಲ, ಅದರಲ್ಲಿ ಔಷಧಿ ಇತ್ತು. ಹಿಂದಿನ ಮನೆಯವರ ಹಿತ್ತಿಲಿನಲ್ಲಿ ಬಾವಿ ಇತ್ತು. ಅಮ್ಮ ಉಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಹಿಂದೆಯೇ ಬಂದಳು. ನಾನು ಸೇದಿದೆ, ಅವಳು ಹೊತ್ತಳು. ಬಾವಿಕಟ್ಟೆಯ ಮೇಲೆ ಆ ಮನೆಯಾಕೆ, "ಏನ್ರೀ, ಮಧ್ಯಾಹ್ನದ ಹೊತ್ತಲ್ಲಿ? ನೆಂಟರು ಬಂದ್ರಾ?" ಎಂದು ಕೇಳಿದರು. "ಇಲ್ರೀ, ಇರೋ ನೆಂಟರಿಗೇ ಮೈ ಸರಿಯಿಲ್ಲ," ಎಂದಳು ಅಮ್ಮ.

ಕಡಗೋಲು ಅಮ್ಮ ಹಿಡಿದಳು. ನಾನು ಪೊಟ್ಟಣ ಬಿಚ್ಚುತ್ತಾ ಹೋದೆ. ಕ್ಯಾಲ್ಸಿಯಮ್ಮಿನ ಲೋಟ ಎತ್ತಿದಾಗ, ಇದು ಈಗ ಮೋಡವಾದರೆ ಮತ್ತೆ ಮಾಡಲು ಏನೂ ಇಲ್ಲ ಎಂಬುದು ಗೊತ್ತಿತ್ತು. "ನಿಧಾನ," ಎಂದಳು ಅಮ್ಮ. "ಮೊಸರಿಗೆ ಹೆಪ್ಪು ಹಾಕೋ ಹಾಗೆ." ನೂಲಿನಂತೆ ಬಿಟ್ಟೆ. ಮೋಡ ಏಳಲಿಲ್ಲ. ತೊಟ್ಟಿಯನ್ನು ಖಾಲಿ ಮಾಡಿ, ಗಾಜನ್ನೂ ಕಲ್ಲನ್ನೂ ಬಾವಿ ನೀರಿನಲ್ಲಿ ತೊಳೆದು, ಹೊಸದನ್ನು ಹಸಿಯಾಗಿಯೇ ತುಂಬಿಸಿದೆ. ಬೇರೆ ದಾರಿ ಇರಲಿಲ್ಲ. ಅದು ತಳದಲ್ಲಿ ಒಂದು ಕಡೆಗೆ ವಾಲಿ, ನೆನೆದ ಹುಣಿಸೆಹಣ್ಣಿನ ಹಾಗೆ ಬಿದ್ದಿತ್ತು.

ಸಂಜೆ ಅಮ್ಮ ಎಲೆ ಹಾಕಿ ಕರೆದಾಗ ಅಜ್ಜಿ ಏಳಲಿಲ್ಲ. ಮುಂದಿನ ಕೋಣೆಯಲ್ಲಿ ತೊಟ್ಟಿಯ ಎದುರು ಮಣೆ ಹಾಕಿಕೊಂಡು ಕೂತಿದ್ದರು.

"ಅದು ತಿನ್ನೋವರೆಗೂ ನಾನು ತಿನ್ನಲ್ಲ."

ಅಪ್ಪ ಆಫೀಸಿನಿಂದ ಬಂದು ಶರ್ಟಿನ ಗುಂಡಿಯನ್ನೂ ಬಿಚ್ಚದೆ ನಿಂತರು. "ಅಮ್ಮಾ, ಏನಿದು? ಅದೊಂದು ಹುಳ. ನಾಳೆ ಇವಳ ಮೇಷ್ಟ್ರು ಇನ್ನೊಂದು ತರ್ತಾರೆ."

"ಹುಳ ಆದ್ರೇನೋ? ಮನೆಗೆ ಬಂದಿದ್ದು. ನನ್ನ ಕೈಯಾರೆ ವಿಷ ಹಾಕಿದೀನಿ."

"ಗೊತ್ತಿದ್ದು ಹಾಕಿದ್ಯಾ?"

"ಗೊತ್ತಿಲ್ದೆ ಹಾಕಿದ್ರೆ ಅದಕ್ಕೆ ಕಮ್ಮಿ ನೋವಾಗುತ್ತಾ?"

ನನ್ನ ಆಸೆಯನ್ನು ನಾನು ಆ ಹೊತ್ತಿಗೆ ಪೂರ್ತಿ ಬಿಟ್ಟುಬಿಟ್ಟಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬದುಕಲಿ ಎಂದು ಕೇಳಿಕೊಳ್ಳುವಾಗ ಡಿಸರ್ಟೇಷನ್ನೂ ಅದರೊಳಗಿತ್ತು. ಆದರೆ ಗುರುವಾರ ಹಗಲೆಲ್ಲ ಅಜ್ಜಿಯ ಪಕ್ಕದಲ್ಲಿ ಕೂತು ನೋಡುತ್ತಾ ನೋಡುತ್ತಾ, ಅದು ತೆರೆಯಲಿ ಎನ್ನುವುದು ಯಾವುದಕ್ಕೂ ಸಂಬಂಧವಿಲ್ಲದ, ಬರೀ ಒಂದು ಕಣ್ಣಿನ ಹಸಿವಿನ ಹಾಗೆ ಆಯಿತು. ಅವರು ಎರಡು ಹೊತ್ತು ಒಂದೊಂದು ಲೋಟ ನೀರು ಕುಡಿದರು. ಮಜ್ಜಿಗೆಯೂ ಬೇಡ ಎಂದರು. ಗುಳ್ಳೆಗಳು ಏಳುತ್ತಿದ್ದವು. ಹೊಸ ನೀರು ಹಿಂದೆಂದಿಗಿಂತ ತಿಳಿಯಾಗಿತ್ತು. ಆಚೆ ಬದಿಯಲ್ಲಿ ಕಿಟಕಿ, ಕಿಟಕಿಯಲ್ಲಿ ಬೇಸಿಗೆಯ ಬಿಳಿ ಆಕಾಶ, ಎಲ್ಲ ತೊಟ್ಟಿಯೊಳಗೇ ಇದ್ದವು. ಒಂದು ಸಲ ಕಣ್ಣು ಮುಚ್ಚಿ ತೆರೆದಾಗ ಅಜ್ಜಿಯ ಮುಖ ಗಾಜಿನಲ್ಲಿ, ನೀರಿನ ಕೆಳಗೆ, ಬಹಳ ಎಳೆಯದಾಗಿ ಕಂಡಿತು.

"ಅಲ್ಲಿ ಹೀಗೇ ಇರುತ್ತಾ, ಸಮುದ್ರದಲ್ಲಿ?" ಎಂದು ಅವರು ಕೇಳಿದರು.

"ಸದ್ದು ಜಾಸ್ತಿ," ಎಂದೆ. "ಸದ್ದು ನಿಲ್ಲೋದೇ ಇಲ್ಲ."

"ಪಾಪ," ಎಂದರು. "ಇಲ್ಲಿ ಅದಕ್ಕೆ ಬಿಕೋ ಅನ್ಸಿರುತ್ತೆ."

ಶುಕ್ರವಾರ ಬೆಳಗ್ಗೆ ಅದು ತಳವನ್ನು ಹಿಡಿದುಕೊಂಡಿತ್ತು. ಕಲ್ಲನ್ನಲ್ಲ, ಗಾಜನ್ನೇ. ಬೆರಳ ತುದಿಯಿಂದ ಮೆಲ್ಲಗೆ ತಳ್ಳಿ ನೋಡಿದೆ, ಬಿಡಲಿಲ್ಲ. ಅಜ್ಜಿಗೆ ಹೇಳಿದೆ. ತಲೆಯಾಡಿಸಿದರು, ಏಳಲಿಲ್ಲ. ಮಧ್ಯಾಹ್ನದ ಸೈರನ್ ಆದ ಮೇಲೆ ನಡುವಿನಲ್ಲಿ ಒಂದು ಸಣ್ಣ ಬಿರುಕು ಕಾಣಿಸಿತು. ಬಿರುಕಿನಿಂದ ಒಂದು ತೋಳಿನ ತುದಿ. ಅದು ಬಹಳ ಹೊತ್ತು ಒಂದೇ ಇತ್ತು. ಆಮೇಲೆ ಮೂರು. ಮೊದಲಿನಷ್ಟು ಅಗಲಕ್ಕಲ್ಲ, ಅರ್ಧದಷ್ಟೂ ಇಲ್ಲ. ನೇರಳೆ ಬಣ್ಣ ಹೋಗಿ ಅಕ್ಕಿ ತೊಳೆದ ನೀರಿನಂತಾಗಿತ್ತು. ಆದರೂ ತೆರೆದಿತ್ತು.

ನಾನು ಹಿತ್ತಿಲಿಗೆ ಹೋಗಲೆಂದು ಎದ್ದೆ. ಅಜ್ಜಿ ನನ್ನ ಸೀರೆಯ ನೆರಿಗೆ ಹಿಡಿದು ನಿಲ್ಲಿಸಿದರು.

"ಸಣ್ಣದಾಗಿ ಮಾಡು. ಬಾಯಿ ನೋಯ್ತಿರುತ್ತೆ."

ಉಗುರಿನ ತುದಿಯಷ್ಟು ಚೂರನ್ನು ಚಿಮಟದಲ್ಲಿ ತಂದೆ. ದೇವರ ಮನೆಗೆ ಹೋಗಲಿ ಎಂದು ಸ್ವಲ್ಪ ಕಾದೆ. ಅವರು ಹೋಗಲಿಲ್ಲ. ಮೂಗಿಗೆ ಸೆರಗು ಹಿಡಿದುಕೊಂಡು, "ಕೃಷ್ಣ ಕೃಷ್ಣ," ಎನ್ನುತ್ತಾ ಅಲ್ಲೇ ಕೂತರು. ಚೂರನ್ನು ತೋಳುಗಳ ಮೇಲೆ ಬಿಟ್ಟೆ. ಅದು ಅಲ್ಲಿ ಸುಮ್ಮನೆ ಬಿದ್ದಿತ್ತು. ಗುಳ್ಳೆಯ ಅಲೆಗೆ ಜಾರಿ ಬಿದ್ದುಹೋಗುತ್ತದೆ ಎನ್ನಿಸಿತು. ಒಂದು ತೋಳು ಅದರ ಮೇಲೆ ಬಾಗಿತು. ಇನ್ನೊಂದು.

"ತಿಂತಾ?"

"ಹಿಡ್ಕೊಂಡಿದೆ ಅಜ್ಜಿ. ಇನ್ನೂ ತಿಂದಿಲ್ಲ."

"ಹಿಡ್ಕೊಂಡಿದ್ದು ಲೆಕ್ಕಕ್ಕಿಲ್ಲ."

ನಾಲ್ಕು ಗಂಟೆಯವರೆಗೆ ಕಾದೆವು. ಅಮ್ಮ ಕೂಡ ಬಂದು ಬಾಗಿಲಿಗೊರಗಿ ನಿಂತಳು. ಅದು ಅಷ್ಟಷ್ಟಾಗಿ ತನ್ನೊಳಕ್ಕೇ ಮಡಚಿಕೊಂಡು, ಚೂರು ಕಾಣದಾಗಿ, ಬಾಯಿ ಸೇರಿಕೊಂಡಿತು.

"ನುಂಗಿತು," ಎಂದೆ.

ಅಜ್ಜಿ ನನ್ನ ಭುಜ ಹಿಡಿದುಕೊಂಡು ಎದ್ದರು. ಮಂಡಿ ಹಿಡಿದಿತ್ತು. ಅಡುಗೆಮನೆಯ ಬಾಗಿಲವರೆಗೆ ನನ್ನ ಮೇಲೆ ಭಾರ ಬಿಟ್ಟು ನಡೆದರು. ಅಷ್ಟು ಹಗುರಾಗಿದ್ದರು ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅಮ್ಮ ಮೊಸರವಲಕ್ಕಿ ಕಲಸಿಟ್ಟಳು.

ಪೊಟ್ಟಣಗಳು ಮುಗಿದಿದ್ದರಿಂದ ಉಳಿದ ರಜೆಯನ್ನು ಅದು ಅದೇ ನೀರಿನಲ್ಲಿ ಕಳೆಯಿತು. ಜೂನಿನಲ್ಲಿ ವಿಭಾಗ ತೆರೆದ ದಿನ ಅದನ್ನು ಮತ್ತೆ ಅಗಲಬಾಯಿಯ ಭರಣಿಯಲ್ಲಿ ಹೊತ್ತುಕೊಂಡು ಹೋದೆ. ಪ್ರೊಫೆಸರು ಭರಣಿಯನ್ನು ಕಿಟಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಸಣ್ಣ ಆಗಿದೆಯಲ್ಲಮ್ಮಾ."

"ಹೌದು ಸಾರ್. ತಾಮ್ರ ಸೋಕಿತು. ಪಾತ್ರೆ ಯಾವುದು ಅಂತ ನಾನು ನೋಡಲಿಲ್ಲ."

ಅವರು ನನ್ನ ಟಿಪ್ಪಣಿ ಪುಸ್ತಕ ತೆಗೆದುಕೊಂಡು ನಿಂತಲ್ಲೇ ಓದತೊಡಗಿದರು. ದಿನಾಂಕ, ಹೊತ್ತು, ಉಪ್ಪಿನ ಅಳತೆ, ತೋಳುಗಳು ಎಷ್ಟು ತೆರೆದಿವೆ. ಪುಟ ತಿರುವುತ್ತಿದ್ದ ಕೈ ಒಂದು ಕಡೆ ನಿಂತಿತು.

"ಇದೇನು, ಗುರುವಾರ: ಎರಡೂ ಏನೂ ತಿಂದಿಲ್ಲ, ಅಂತ? ನಾನು ಕೊಟ್ಟಿದ್ದು ಒಂದೇ ಅಲ್ವಾ?"

ಅದನ್ನು ಬರೆದದ್ದು ನನಗೇ ಮರೆತಿತ್ತು. ಹುಡುಗರು ಯಾರೂ ಇನ್ನೂ ಬಂದಿರಲಿಲ್ಲ.

"ಇನ್ನೊಂದು ನಮ್ಮಜ್ಜಿ ಸಾರ್," ಎಂದೆ. ಆಮೇಲೆ, ಅಷ್ಟಕ್ಕೇ ನಿಲ್ಲಿಸುವ ನನ್ನ ಅಭ್ಯಾಸವನ್ನು ಬಿಟ್ಟು, ಜಾಡಿ, ಕೊಳಗ, ಬಾವಿ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಬಾವಿ ನೀರಲ್ಲಿ, ಒಂದು ಗಂಟೆ ಹಳೇದೂ ಅಲ್ಲದ ಉಪ್ಪುನೀರಲ್ಲಿ, ಎರಡೇ ದಿನಕ್ಕೆ ಚೇತರಿಸಿಕೊಂಡಿದೆ," ಎಂದರು. "ಇದನ್ನೇ ಬರಿ. ಡಿಸರ್ಟೇಷನ್ ಇದರಿಂದಲೇ ಶುರು ಮಾಡು."

ಆ ಸಂಜೆ ಮನೆಗೆ ಬಂದು, ಡಿಸರ್ಟೇಷನ್ ಎಂದರೆ ಏನು, ಅದು ನನಗೆ ಯಾಕೆ ಬೇಕಿತ್ತು ಎಂದು ಅಜ್ಜಿಗೆ ಮೊದಲಿನಿಂದ ಹೇಳಿದೆ. ಅವರು ಪೂರ್ತಿ ಕೇಳಿ, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದರು. ನಾನು ಟಿಪ್ಪಣಿ ಪುಸ್ತಕ ತೆರೆದು ಆ ಗುರುವಾರದ ಸಾಲನ್ನು ಅವರಿಗೆ ಓದಿ ಹೇಳಿದೆ.